ಕಬ್ಬಿನ ಸಿಪ್ಪೆಯಿಂದ ಬೆಳಕಿನವರೆಗೆ

ದೀಪಾವಳಿ ಕಳೆಯಿತೆಂದರೆ ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ರಸ್ತೆಗಳ ರೂಪವೇ ಬದಲಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಲ್ಲಿ ಹಗಲಿರುಳೆನ್ನದೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳು. ಅವುಗಳ ಹೊರೆಯಿಂದ ಜಾರಿ ಬಿದ್ದ ಕಬ್ಬಿನ ಗಳಗಳು ದಾರಿಯುದ್ದಕ್ಕೂ ಚೆಲ್ಲಿರುತ್ತವೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಹತ್ತು ಹನ್ನೆರಡು ತಿಂಗಳು ಬೆಳೆದ ಬೆಳೆ ಈಗ ಕಾರ್ಖಾನೆಗಳತ್ತ ಹೊರಟಿದೆ. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯಿಂದ ಮೊದಲುಗೊಂಡು, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳವರೆಗೆ ಹಲವು ಚಿಮಣಿಗಳು ಈ ಸೀಮೆಯ ದಿಗಂತದಲ್ಲಿ ಎದ್ದು ನಿಂತಿವೆ.

ಈ ಚಿಮಣಿಗಳ ಕೆಳಗೆ ತಯಾರಾಗುವುದು ಸಕ್ಕರೆಯೊಂದೇ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಅಲ್ಲಿ ಇನ್ನೊಂದು ಪದಾರ್ಥವೂ ಹುಟ್ಟುತ್ತದೆ. ಅದನ್ನು ಮೂಟೆ ಕಟ್ಟಲಾಗದು, ತೂಕ ಮಾಡಲಾಗದು. ಹುಟ್ಟಿದ ಕ್ಷಣದಲ್ಲಿಯೇ ಅದು ತಂತಿಯ ಮೂಲಕ ಹೊರಟುಹೋಗುತ್ತದೆ. ಅದೇ ವಿದ್ಯುಚ್ಛಕ್ತಿ.

ಕಬ್ಬನ್ನು ಅರೆದು ರಸ ತೆಗೆದ ಮೇಲೆ ಉಳಿಯುವ ಸಿಪ್ಪೆಗೆ ಕಾರ್ಖಾನೆಯವರು ಬಗಾಸ್ ಎನ್ನುತ್ತಾರೆ. ಸಿಪ್ಪೆಯನ್ನು ಉರಿಸುವ ಜಾಣತನ ಕಾರ್ಖಾನೆಗಳಿಗಿಂತ ಹಳೆಯದು. ಬೆಲ್ಲದ ಗಾಣ ನಡೆಸುವ ರೈತನು ಗಾಣದಿಂದ ಬಂದ ಸಿಪ್ಪೆಯನ್ನು ಬಿಸಿಲಿಗೆ ಹರಡಿ, ಒಣಗಿಸಿ, ಅದನ್ನೇ ಕೊಪ್ಪರಿಗೆಯ ಕೆಳಗೆ ಉರಿಸುತ್ತಿದ್ದನು. ಕಬ್ಬೇ ತನ್ನ ರಸವನ್ನು ತಾನೇ ಕುದಿಸಿಕೊಳ್ಳುತ್ತಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ನಡೆಯುವುದೂ ಮೂಲತಃ ಇದೇ. ನೂರು ಟನ್ ಕಬ್ಬು ನುರಿಸಿದರೆ ಸುಮಾರು ಮೂವತ್ತು ಟನ್ ಸಿಪ್ಪೆ ಬರುತ್ತದೆ. ಅದರಲ್ಲಿ ಅರ್ಧದಷ್ಟು ತೇವಾಂಶವಿದ್ದರೂ ಒಂದು ಟನ್ ಸಿಪ್ಪೆಯನ್ನು ಉರಿಸಿ ಎರಡು ಟನ್ನಿನಷ್ಟು ಉಗಿಯನ್ನು ಪಡೆಯಬಹುದು. ಈ ಉಗಿಯು ಮೊದಲು ಟರ್ಬೈನನ್ನು ತಿರುಗಿಸಿ ವಿದ್ಯುತ್ತನ್ನು ಕೊಡುತ್ತದೆ. ಅಲ್ಲಿಂದ ಹೊರಬಂದ ಮೇಲೆಯೂ ಅದರಲ್ಲಿ ಸಾಕಷ್ಟು ಬಿಸಿ ಉಳಿದಿರುವುದರಿಂದ ರಸವನ್ನು ಕುದಿಸಲು ಬಳಕೆಯಾಗುತ್ತದೆ. ಒಂದೇ ಉಗಿ ಎರಡು ಕೆಲಸ ಮಾಡುವುದರಿಂದ ಈ ವಿಧಾನಕ್ಕೆ ಸಹ ವಿದ್ಯುತ್ ಉತ್ಪಾದನೆ ಎಂದು ಹೆಸರು.

ಹಳೆಯ ಕಾರ್ಖಾನೆಗಳಲ್ಲಿ ಬಾಯ್ಲರಿನ ಒತ್ತಡ ಒಂದು ಚದರ ಸೆಂಟಿಮೀಟರಿಗೆ 21 ಕಿಲೋಗ್ರಾಂನಷ್ಟು ಇರುತ್ತಿತ್ತು. ಅದರಿಂದ ಕಾರ್ಖಾನೆಯ ಸ್ವಂತ ಅಗತ್ಯ ಪೂರೈಸಿದರೆ ಅದೇ ಹೆಚ್ಚು. ಒತ್ತಡವನ್ನು 67ಕ್ಕೋ 110ಕ್ಕೋ ಏರಿಸಿದರೆ ಅಷ್ಟೇ ಸಿಪ್ಪೆಯಿಂದ ಅನೇಕ ಪಟ್ಟು ವಿದ್ಯುತ್ತು ಹೊರಡುತ್ತದೆ. ಕಾರ್ಖಾನೆ ಬಳಸಿ ಉಳಿದುದನ್ನು ಮಾರಬಹುದು. ಕೇಂದ್ರ ಸರ್ಕಾರವು 1990ರ ದಶಕದಿಂದ ಇದಕ್ಕೆ ಪ್ರೋತ್ಸಾಹ ನೀಡತೊಡಗಿತು. ಮಾರಿಷಸ್ ದ್ವೀಪದಲ್ಲಂತೂ ನಾಡಿನ ವಿದ್ಯುತ್ತಿನ ಗಣನೀಯ ಪಾಲು ಕಬ್ಬಿನ ಸಿಪ್ಪೆಯಿಂದಲೇ ಬಂದಿದೆ. ಕಲ್ಲಿದ್ದಲನ್ನು ಒಮ್ಮೆ ಅಗೆದರೆ ಮುಗಿಯಿತು. ಕಬ್ಬು ಮರುವರ್ಷ ಮತ್ತೆ ಬೆಳೆಯುತ್ತದೆ. ಆದುದರಿಂದ ಬಿಸಿಲು ಗಾಳಿಗಳಂತೆ ಇದನ್ನೂ ನವೀಕರಿಸಬಹುದಾದ ಶಕ್ತಿಯ ಮೂಲಗಳಲ್ಲಿ ಎಣಿಸುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಬ್ಬು ಊರಿನದು, ಸಿಪ್ಪೆ ಕಾರ್ಖಾನೆಯದು, ಬಾಯ್ಲರು ಟರ್ಬೈನುಗಳೂ ಅದರವೇ. ಬೇಲಿಯ ಆಚೆಗೆ ವಿದ್ಯುತ್ ತಂತಿ ಹಾದುಹೋಗಿದೆ. ವಿದ್ಯುತ್ತಿಗೋ ಎಲ್ಲೆಡೆಯೂ ಬೇಡಿಕೆ. ಹಾಗಿರುವಾಗ ತನ್ನ ವಿದ್ಯುತ್ತನ್ನು ತಂತಿಗೆ ಹರಿಸಲು ಕಾರ್ಖಾನೆ ಯಾರ ಅಪ್ಪಣೆಯನ್ನು ಕೇಳಬೇಕು, ಮತ್ತು ಏಕೆ ಕೇಳಬೇಕು?

ಕಾನೂನಿನ ಪುಸ್ತಕವನ್ನು ತೆರೆದರೆ ಉತ್ತರ ಅಚ್ಚರಿ ಹುಟ್ಟಿಸುತ್ತದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 7ನೆಯ ಪ್ರಕರಣದ ಪ್ರಕಾರ ವಿದ್ಯುತ್ ಉತ್ಪಾದನೆಯ ಕೇಂದ್ರವನ್ನು ಸ್ಥಾಪಿಸಲು ಪರವಾನಗಿಯೇ ಬೇಕಿಲ್ಲ! ತಂತಿಜಾಲಕ್ಕೆ ಸೇರುವಾಗ ಪಾಲಿಸಬೇಕಾದ ತಾಂತ್ರಿಕ ಮಟ್ಟಗಳನ್ನು ಪಾಲಿಸಿದರೆ ಸಾಕು. ವಿದ್ಯುತ್ತನ್ನು ಸಾಗಿಸುವವರಿಗೆ, ಮನೆಮನೆಗೆ ಹಂಚುವವರಿಗೆ, ಅದರ ವ್ಯಾಪಾರ ಮಾಡುವವರಿಗೆ ಮಾತ್ರ ಪರವಾನಗಿ ಕಡ್ಡಾಯ. ಆದರೂ ಒಂದು ಸಕ್ಕರೆ ಕಾರ್ಖಾನೆಯ ವಿದ್ಯುತ್ ಘಟಕದ ಕಚೇರಿಗೆ ಹೋದರೆ ಕಪಾಟಿನ ತುಂಬ ಅನುಮತಿ ಪತ್ರಗಳು, ಒಪ್ಪಿಗೆ ಪತ್ರಗಳು, ಪ್ರಮಾಣಪತ್ರಗಳು ಕಾಣುತ್ತವೆ. ಈ ವಿರೋಧಾಭಾಸ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನ ಕಥೆಯನ್ನು ತಿಳಿಯಬೇಕು.

ಬ್ರಿಟಿಷರ ಕಾಲದಲ್ಲಿ, 1910ರ ಕಾಯಿದೆಯ ಮೇರೆಗೆ, ವಿದ್ಯುತ್ತನ್ನು ಸಾರ್ವಜನಿಕರಿಗೆ ಪೂರೈಸುವವನು ಸರ್ಕಾರದಿಂದ ಲೈಸೆನ್ಸು ಪಡೆಯಬೇಕಾಗಿತ್ತು. ಸ್ವಾತಂತ್ರ್ಯಾನಂತರ ಜಾರಿಗೆ ಬಂದ 1948ರ ಕಾಯಿದೆಯು ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳನ್ನು ಹುಟ್ಟುಹಾಕಿತು. ಖಾಸಗಿಯವರು ಹೊಸ ವಿದ್ಯುದಾಗಾರ ಕಟ್ಟಬೇಕೆಂದರೆ ಮಂಡಳಿಯ ಸಮ್ಮತಿ ಬೇಕೆಂದಿತು. ಬಂಡವಾಳವೂ ಯಂತ್ರೋಪಕರಣಗಳೂ ವಿರಳವಾಗಿದ್ದ ಕಾಲ ಅದು. ಇದ್ದುದನ್ನು ಯೋಚಿಸಿ ಹಂಚಬೇಕೆಂಬುದು ಸರ್ಕಾರದ ಧೋರಣೆ. ಸಕ್ಕರೆ ಕಾರ್ಖಾನೆಗೂ 1951ರ ಕೈಗಾರಿಕಾ ಕಾಯಿದೆಯಂತೆ ದೆಹಲಿಯ ಲೈಸೆನ್ಸು ಬೇಕಿತ್ತು. ಕಾಲಕ್ರಮದಲ್ಲಿ ಈ ವ್ಯವಸ್ಥೆ ಬಿಗಿಯಾಯಿತು, ನಿಧಾನವಾಯಿತು, ಕೆಲವರ ಪಾಲಿಗೆ ಅನುಕೂಲದ ಆಸ್ತಿಯೂ ಆಯಿತು. ಸಕ್ಕರೆ ಉದ್ಯಮದ ಲೈಸೆನ್ಸು 1998ರಲ್ಲಿ ರದ್ದಾಯಿತು. ವಿದ್ಯುತ್ ಉತ್ಪಾದನೆಯದು 2003ರಲ್ಲಿ ಹೋಯಿತು.

‘ನೀನು ಈ ಉದ್ಯೋಗವನ್ನು ಮಾಡಬಹುದೇ?’ ಎಂದು ಕೇಳುವುದು ಲೈಸೆನ್ಸು. ‘ನೀನು ಮಾಡುವ ಉದ್ಯೋಗದಿಂದ ಇನ್ನೊಬ್ಬನಿಗೆ ಏನಾಗುತ್ತದೆ?’ ಎಂದು ಕೇಳುವುದು ಅನುಮತಿ. ಮೊದಲನೆಯ ಪ್ರಶ್ನೆಯನ್ನು ಸರ್ಕಾರ ಕೈಬಿಟ್ಟಿತು. ಎರಡನೆಯದನ್ನು ಬಿಡಲು ಸಾಧ್ಯವಿರಲಿಲ್ಲ. ಕಪಾಟಿನಲ್ಲಿರುವ ಪತ್ರಗಳೆಲ್ಲ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಗೆ ಸಂಬಂಧಿಸಿದವು.

ಉದಾಹರಣೆಗೆ ದೂರದ ಪ್ರಮಾಣಪತ್ರವನ್ನು ತೆಗೆದುಕೊಳ್ಳಬಹುದು. 1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2006ರಲ್ಲಿ ಆದ ತಿದ್ದುಪಡಿಯು ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕೆಂದು ವಿಧಿಸಿತು. ಕತ್ತರಿಸಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಆದುದರಿಂದ ಪ್ರತಿಯೊಂದು ಕಾರ್ಖಾನೆಗೂ ತನ್ನ ಸುತ್ತಲಿನ ಹೊಲಗಳೇ ಆಧಾರ. ಒಂದರ ಪಕ್ಕದಲ್ಲಿಯೇ ಇನ್ನೊಂದು ಎದ್ದರೆ ಎರಡಕ್ಕೂ ಹೊಟ್ಟೆ ತುಂಬದು, ಸಿಪ್ಪೆಯೂ ಸಾಲದು, ಟರ್ಬೈನು ಅರ್ಧ ಹಂಗಾಮಿಗೇ ನಿಲ್ಲುತ್ತದೆ. ಹಾಗೆಂದು ಈ ನಿಯಮವನ್ನು ಎಲ್ಲರೂ ಮೆಚ್ಚಿದವರಲ್ಲ. ಕಾರ್ಖಾನೆಗಳು ಹತ್ತಿರ ಹತ್ತಿರವಿದ್ದರೆ ತನ್ನ ಕಬ್ಬಿಗೆ ಪೈಪೋಟಿಯ ಬೆಲೆ ಸಿಗುವುದೆಂಬ ರೈತನ ವಾದದಲ್ಲಿಯೂ ಹುರುಳಿದೆ.

ಬಾಯ್ಲರಿನ ಪ್ರಮಾಣಪತ್ರದ ಹಿಂದೆ ಇರುವುದು ಒಂದು ದುರಂತ. 1863ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರು ಸಿಡಿದು ಹಲವರು ಪ್ರಾಣ ಕಳೆದುಕೊಂಡರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾಯಿದೆಯಾಯಿತು. ಬೇರೆ ಬೇರೆ ಪ್ರಾಂತಗಳು ಬೇರೆ ಬೇರೆ ನಿಯಮ ಮಾಡಿಕೊಂಡದ್ದರಿಂದ ಉಂಟಾದ ಗೊಂದಲವನ್ನು 1923ರ ಅಖಿಲ ಭಾರತ ಕಾಯಿದೆ ನಿವಾರಿಸಿತು. ಅದರ ಸ್ಥಾನಕ್ಕೆ 2025ರಲ್ಲಿ ಹೊಸ ಕಾಯಿದೆ ಬಂದಿದೆ. ಒಂದು ಚದರ ಸೆಂಟಿಮೀಟರಿನ ಮೇಲೆ ನೂರು ಕಿಲೋಗ್ರಾಂ ಭಾರ ಒತ್ತುವ ಉಗಿಯನ್ನು ಹಿಡಿದಿಟ್ಟುಕೊಂಡ ಉಕ್ಕಿನ ಪಾತ್ರೆಯ ಪಕ್ಕದಲ್ಲಿ ಮೂರು ಪಾಳಿಗಳಲ್ಲಿ ಜನ ಕೆಲಸ ಮಾಡುತ್ತಾರೆ. ಪಾತ್ರೆ ಗಟ್ಟಿಯಾಗಿದೆಯೆಂದು ಮಾಲೀಕನ ಮಾತೊಂದೇ ಸಾಲದು. ನೋಂದಣಿಯಾಗದ ಬಾಯ್ಲರನ್ನು ಹೊತ್ತಿಸುವಂತಿಲ್ಲ. ತಪಾಸಣಾಧಿಕಾರಿಗಳು ಪರೀಕ್ಷಿಸಿ ಕೊಡುವ ಪ್ರಮಾಣಪತ್ರಕ್ಕೆ ನಿರ್ದಿಷ್ಟ ಅವಧಿಯುಂಟು. ಅದು ಮುಗಿದೊಡನೆ ಮರುಪರೀಕ್ಷೆ ಆಗಲೇಬೇಕು. ಅದಕ್ಕಾಗಿಯೇ ಮಳೆಗಾಲದಲ್ಲಿ, ಕಾರ್ಖಾನೆ ನಿಂತಿರುವಾಗ, ಬಾಯ್ಲರುಗಳನ್ನು ತೆರೆದು ಕೊಳವೆಗಳನ್ನು ಒಂದೊಂದಾಗಿ ನೋಡುವ ಕೆಲಸ ನಡೆಯುತ್ತದೆ.

ಇನ್ನು ಹೊಗೆ, ಬೂದಿ ಮತ್ತು ನೀರಿನ ವಿಷಯ. ನವೀಕರಿಸಬಹುದಾದ ಶಕ್ತಿಯೆಂದರೆ ನಿರ್ಮಲವಾದ ಶಕ್ತಿಯೆಂದು ಭಾವಿಸುವುದುಂಟು. ಸಿಪ್ಪೆಯ ಮಟ್ಟಿಗೆ ಈ ಮಾತು ಅರ್ಧ ನಿಜ. ಸಿಪ್ಪೆ ಉರಿದಾಗ ಬರುವ ಇಂಗಾಲದ ಡೈಆಕ್ಸೈಡನ್ನು ಮರುವರ್ಷದ ಕಬ್ಬು ಹೀರಿಕೊಳ್ಳುತ್ತದೆ, ಸರಿ. ಆದರೆ ಚಿಮಣಿಯಿಂದ ಹಾರುವ ಕರಿಬೂದಿಯನ್ನು ಹೀರಿಕೊಳ್ಳುವವರು ಯಾರು? ಅದನ್ನು ತಡೆಯುವ ಉಪಕರಣ ಸರಿಯಾಗಿ ಕೆಲಸ ಮಾಡದಿದ್ದರೆ ಒಣಹಾಕಿದ ಬಟ್ಟೆಯ ಮೇಲೆ, ಅಂಗಳದ ಹಪ್ಪಳ ಸಂಡಿಗೆಗಳ ಮೇಲೆ, ಪಕ್ಕದ ಹೊಲದ ಎಲೆಗಳ ಮೇಲೆ ಬೂದಿ ಕೂರುತ್ತದೆ. ಶುದ್ಧೀಕರಿಸದ ನೀರು ಹಳ್ಳಕ್ಕೆ ಬಿದ್ದರೆ ಹಳ್ಳ ಕೃಷ್ಣೆಯನ್ನು ಸೇರುತ್ತದೆ. ಕೆಳಗಿನ ಊರಿನವರು ಅದೇ ನೀರನ್ನು ಕುಡಿಯಬೇಕು. ಆದಕಾರಣ 1974ರ ಜಲಮಾಲಿನ್ಯ ಕಾಯಿದೆ ಹಾಗೂ 1981ರ ವಾಯುಮಾಲಿನ್ಯ ಕಾಯಿದೆಗಳ ಅನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು: ಕಟ್ಟುವ ಮೊದಲು ಸ್ಥಾಪನೆಯ ಒಪ್ಪಿಗೆ, ಕಟ್ಟಿದ ಮೇಲೆ ಕಾರ್ಯಾಚರಣೆಯ ಒಪ್ಪಿಗೆ. ಕಾಗದದ ಮೇಲೆ ತೋರಿಸಿದ ಶುದ್ಧೀಕರಣ ಘಟಕ ನೆಲದ ಮೇಲೂ ಇದೆಯೇ ಎಂದು ನೋಡಲು ಈ ಎರಡನೆಯದು. 2016ರಲ್ಲಿ ಕೇಂದ್ರ ಮಂಡಳಿಯು ಉದ್ಯಮಗಳನ್ನು ಅವುಗಳ ಮಾಲಿನ್ಯಕ್ಕೆ ಅನುಗುಣವಾಗಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ ಸಕ್ಕರೆಯು ಕೆಂಪು ವರ್ಗದಲ್ಲಿ ನಿಂತಿತು. ಸೌರಫಲಕ ಮತ್ತು ಗಾಳಿಯಂತ್ರಗಳ ವಿದ್ಯುತ್ತು ಬಿಳಿಯ ವರ್ಗಕ್ಕೆ ಸೇರಿ, ಮಂಡಳಿಗೆ ತಿಳಿಸಿದರೆ ಸಾಕು, ಒಪ್ಪಿಗೆ ಬೇಡ ಎಂದಾಯಿತು. ಒಂದೇ ‘ನವೀಕರಿಸಬಹುದಾದ’ ಎಂಬ ಹೆಸರಿನಡಿ ಇರುವ ಶಕ್ತಿಗಳಿಗೆ ಬೇರೆ ಬೇರೆ ಅನುಮತಿಗಳೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ದಿನಕ್ಕೆ 5,000 ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ನುರಿಸುವ ಕಾರ್ಖಾನೆಗೆ ಇದಲ್ಲದೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಅನುಮತಿಗಳ ಇಡೀ ಸರಣಿಯಲ್ಲಿ ಊರಿನ ಸಾಮಾನ್ಯ ಮನುಷ್ಯನಿಗೆ ನೇರವಾಗಿ ಮಾತನಾಡಲು ಅವಕಾಶ ಸಿಗುವುದು ಇಲ್ಲಿಯೇ. ಇದರ ಹೆಸರು ಸಾರ್ವಜನಿಕ ಅಹವಾಲು ಸಭೆ. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಪ್ರಾದೇಶಿಕ ಭಾಷೆಯ ಪತ್ರಿಕೆಯೊಂದರಲ್ಲಿ ಬರಲೇಬೇಕು. ಯೋಜನೆಯಿಂದ ನೆಲಜಲಗಳಿಗೆ ಆಗಬಹುದಾದ ಪರಿಣಾಮಗಳ ವರದಿಯನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ಜನರ ಅವಲೋಕನಕ್ಕೆ ಇಡಬೇಕು. ಸಭೆ ನಡೆಯಬೇಕಾದುದು ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ. ಅಧ್ಯಕ್ಷತೆ ಜಿಲ್ಲಾಧಿಕಾರಿಗಳದು, ಇಲ್ಲವೆ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಅವರ ಪ್ರತಿನಿಧಿಯದು. ನಡೆದುದೆಲ್ಲವೂ ವಿಡಿಯೋದಲ್ಲಿ ದಾಖಲಾಗಬೇಕು; ಕೊನೆಗೆ ನಡವಳಿಯನ್ನು ಜನರ ಭಾಷೆಯಲ್ಲಿಯೇ ಓದಿ ಹೇಳಬೇಕು.

ಇಂಥ ಸಭೆಯಲ್ಲಿ ಒಬ್ಬ ರೈತನು ಎದ್ದು ನಿಂತು ತನ್ನ ಬಾವಿಯ ನೀರಿನ ಬಗೆಗೆ ಕೇಳಿದರೆ ಅದನ್ನು ಬರೆದುಕೊಳ್ಳುವುದು ಅಧಿಕಾರಿಗಳ ಕರ್ತವ್ಯ. ಅದಕ್ಕೆ ಉತ್ತರ ಕೊಡುವುದು ಕಾರ್ಖಾನೆಯ ಕರ್ತವ್ಯ. ಬರಲಾಗದವರು ಬರೆದು ಕಳಿಸಬಹುದು. ಸಭೆಯೇ ಯೋಜನೆಯನ್ನು ತಿರಸ್ಕರಿಸಲಾರದು, ನಿಜ. ಆದರೆ ಅಲ್ಲಿ ಎದ್ದ ಪ್ರಶ್ನೆಯು ಅನುಮತಿ ನೀಡುವವರ ಮೇಜಿನವರೆಗೂ ಹೋಗುತ್ತದೆ, ಅನೇಕ ವೇಳೆ ಅನುಮತಿಯ ಷರತ್ತಾಗಿ ಮರಳಿ ಬರುತ್ತದೆ. ಕೇಳಬೇಕಾದವರು ಕೇಳದೆ ಕುಳಿತರೆ, ವರದಿಯನ್ನು ಓದದೆ ಹೋದರೆ, ಊಟದ ವ್ಯವಸ್ಥೆಯನ್ನಷ್ಟೇ ನೆನಪಿಟ್ಟುಕೊಂಡು ಮನೆಗೆ ಮರಳಿದರೆ, ಆ ತಪ್ಪು ಕಾಯಿದೆಯದಲ್ಲ.

ನೆಲ ಮತ್ತು ನೀರಿಗೆ ಸಂಬಂಧಿಸಿದ ಅನುಮತಿಗಳೂ ಇವೆ. ಸಾಗುವಳಿಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ತಿರುಗಿಸುವುದನ್ನು 1964ರ ಭೂಕಂದಾಯ ಕಾಯಿದೆ ಜಿಲ್ಲಾಧಿಕಾರಿಗಳ ಅನುಮತಿಗೆ ಒಳಪಡಿಸಿತು. ನವೀಕರಿಸಬಹುದಾದ ಶಕ್ತಿಯ ಯೋಜನೆಗಳಿಗಾಗಿ ಸರ್ಕಾರ ಈ ಕ್ರಮವನ್ನು ಸಡಿಲಿಸುತ್ತ ಬಂದಿದೆ. ನದಿಯಿಂದ ನೀರೆತ್ತಲು ನೀರಾವರಿ ಇಲಾಖೆಯ ಸಮ್ಮತಿ ಬೇಕು. 2019ರ ಆಗಸ್ಟಿನಲ್ಲಿ ದಡ ಮೀರಿ ಹಳ್ಳಿಗಳನ್ನೇ ಮುಳುಗಿಸಿದ ಕೃಷ್ಣೆಯು ಕೆಲವು ಬೇಸಗೆಗಳಲ್ಲಿ ಮರಳಾಗಿ, ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡಿಸಿಕೊಳ್ಳುವ ಪರಿಸ್ಥಿತಿ ಬರುವುದನ್ನು ಕಂಡವರಿಗೆ ಈ ಸಮ್ಮತಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಯಂತ್ರ ಹೂಡಲು ಗ್ರಾಮ ಪಂಚಾಯಿತಿಯ ಅನುಮತಿಯೂ ಅಗತ್ಯ.

ಇಷ್ಟಾದ ಮೇಲೆ ವಿದ್ಯುತ್ತು ತಂತಿಯನ್ನು ಸೇರಬೇಕು. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ಇಂಥ ಯೋಜನೆಗಳ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ. ಹತ್ತಿರದ ಉಪಕೇಂದ್ರಕ್ಕೆ ಆ ವಿದ್ಯುತ್ತನ್ನು ಹೊರುವ ಶಕ್ತಿ ಇದೆಯೇ ಎಂದು ಹೇಳುವುದು ವಿದ್ಯುತ್ ಪ್ರಸರಣ ನಿಗಮ. ಬೆಳಗಾವಿ ಜಿಲ್ಲೆಯಲ್ಲಿ ಕೊಳ್ಳುವವರು ಬಹುಮಟ್ಟಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯವರು, ಎಂದರೆ ಜನರ ಬಾಯಲ್ಲಿ ಹೆಸ್ಕಾಂ. ಮಾರುವವರು ಕೊಳ್ಳುವವರು ಬರೆದುಕೊಂಡ ಒಪ್ಪಂದವನ್ನು 1999ರಲ್ಲಿ ರಚನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪರಿಶೀಲಿಸಿ ಒಪ್ಪಬೇಕು. ಇಬ್ಬರ ನಡುವಣ ವ್ಯಾಪಾರದಲ್ಲಿ ಮೂರನೆಯವರಿಗೇನು ಕೆಲಸ ಎನ್ನಬಹುದು. ಆದರೆ ಹೆಸ್ಕಾಂ ಕೊಡುವ ಹಣ ಅದರದಲ್ಲ. ಪ್ರತಿ ಮನೆಯ ಬಿಲ್ಲಿನಿಂದ ಬಂದುದು. ಆ ಮೂರನೆಯವನ ಪರವಾಗಿ ಆಯೋಗ ಅಲ್ಲಿ ಕೂತಿದೆ.

ಹೀಗೆ ಒಂದೊಂದು ಅನುಮತಿಯ ಹಿಂದೆಯೂ ಒಬ್ಬ ಮನುಷ್ಯ ನಿಂತಿದ್ದಾನೆ. ಇದನ್ನು ಒಪ್ಪಿದ ಮೇಲೂ ಒಂದು ದೂರು ಉಳಿಯುತ್ತದೆ. ಅದು ಕಾಲದ ಬಗೆಗಿನ ದೂರು. ಪ್ರಶ್ನೆ ಕೇಳುವುದು ನ್ಯಾಯ. ಉತ್ತರ ಬಂದ ಮೇಲೂ ಕಡತವನ್ನು ಕಟ್ಟಿಡುವುದು ನ್ಯಾಯವೇ?

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ವ್ಯಾಜ್ಯ ನಿದರ್ಶನವಾಗಿದೆ. 2014ರ ಸೌರಶಕ್ತಿ ನೀತಿಯ ಮೇರೆಗೆ ಕರ್ನಾಟಕ ಸರ್ಕಾರವು ಭೂಮಿಯುಳ್ಳ ರೈತರು ತಮ್ಮ ಹೊಲದಲ್ಲಿ 1ರಿಂದ 3 ಮೆಗಾವಾಟ್ ಸಾಮರ್ಥ್ಯದ ಸೌರ ಘಟಕಗಳನ್ನು ಸ್ಥಾಪಿಸುವ ಯೋಜನೆಯನ್ನು ತಂದಿತು. ಒಂದು ಯೂನಿಟ್ಟಿಗೆ 8 ರೂಪಾಯಿ 40 ಪೈಸೆ ದರ. ಒಪ್ಪಂದದಿಂದ 18 ತಿಂಗಳಲ್ಲಿ ಘಟಕ ಕೆಲಸ ಆರಂಭಿಸಬೇಕು. ಆದರೆ ಭೂಪರಿವರ್ತನೆಗೂ ತಂತಿಜಾಲದ ಜೋಡಣೆಗೂ ಸರ್ಕಾರಿ ಸಂಸ್ಥೆಗಳಿಂದಲೇ ಬರಬೇಕಾದ ಅನುಮತಿಗಳು ಹಲವೆಡೆ ತಡವಾದವು. ಅವಧಿ ಮೀರಿತೆಂಬ ಕಾರಣದಿಂದ ದರವನ್ನು ಇಳಿಸಲಾಯಿತು. ಅಷ್ಟರಲ್ಲಿ ಸೌರಫಲಕಗಳ ಬೆಲೆ ಕುಸಿದು ಹೊಸ ಘಟಕಗಳ ದರಗಳು ಬಹಳ ಇಳಿದಿದ್ದವು. ಹಳೆಯ ದರವನ್ನೇ ಕೊಟ್ಟರೆ ಗ್ರಾಹಕನಿಗೆ ಹೊರೆ ಎಂಬುದು ಕೊಳ್ಳುವವರ ವಾದ. ಆ ವಾದವನ್ನು ಹಗುರಾಗಿ ತಳ್ಳುವಂತಿಲ್ಲ. ಆದರೆ ಹೊಲವನ್ನು ಒತ್ತೆಯಿಟ್ಟು ಸಾಲ ಮಾಡಿದವನ ಲೆಕ್ಕ ಬೇರೆ. ಒಂದು ಮೆಗಾವಾಟಿನ ಸೌರ ಘಟಕ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಕೊಡುತ್ತದೆ. ದರದಲ್ಲಿ ಒಂದು ರೂಪಾಯಿ ಇಳಿದರೆ ವರ್ಷಕ್ಕೆ 15 ಲಕ್ಷ ರೂಪಾಯಿ ಹೋಯಿತು. ಒಪ್ಪಂದದ 25 ವರ್ಷಗಳಲ್ಲಿ ಮೂರು ಮುಕ್ಕಾಲು ಕೋಟಿ.

ಈ ಬಗೆಯ ವ್ಯಾಜ್ಯಗಳಲ್ಲಿ ಒಂದಾದ, ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ಮತ್ತು ಹಿರೇಹಳ್ಳಿ ಸೌರ ವಿದ್ಯುತ್ ಯೋಜನೆಯ ನಡುವಣ ಪ್ರಕರಣವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2024ರ ಆಗಸ್ಟಿನಲ್ಲಿ ನ್ಯಾಯಾಲಯವು, ಸರ್ಕಾರಿ ಸಂಸ್ಥೆಗಳು ಅನುಮತಿ ಕೊಡುವುದರಲ್ಲಿ ಮಾಡಿದ ವಿಳಂಬವು ಯೋಜನೆಯವರ ಕೈಮೀರಿದ ಸಂಗತಿ, ಅದಕ್ಕಾಗಿ ಅವರ ದರವನ್ನು ಕಡಿತಗೊಳಿಸುವಂತಿಲ್ಲ ಎಂಬ ಮೇಲ್ಮನವಿ ನ್ಯಾಯಮಂಡಳಿಯ ತೀರ್ಪನ್ನು ಎತ್ತಿಹಿಡಿಯಿತು. ಒಪ್ಪಂದವಾದದ್ದು 2015ರಲ್ಲಿ. ನ್ಯಾಯ ಸಿಕ್ಕಿತು, ಆದರೆ ಒಂಬತ್ತು ವರ್ಷಗಳ ತರುವಾಯ.

ವಿಳಂಬವನ್ನು ತಪ್ಪಿಸಲು ಸರ್ಕಾರ ಪ್ರಯತ್ನಿಸಲಿಲ್ಲವೆಂದಲ್ಲ. 2002ರ ಕೈಗಾರಿಕಾ ಸೌಲಭ್ಯ ಕಾಯಿದೆಯ ಮೂಲಕ ಏಕಗವಾಕ್ಷಿ ವ್ಯವಸ್ಥೆ ಬಂದಿತು; ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯೇ ಸಣ್ಣ ಯೋಜನೆಗಳನ್ನು ಪರಿಶೀಲಿಸುವಂತಾಯಿತು. ಒಂದೇ ಕಿಟಕಿಯಲ್ಲಿ ಅರ್ಜಿ ಕೊಟ್ಟರೆ ಒಳಗಿನವರು ಎಲ್ಲ ಇಲಾಖೆಗಳಿಗೂ ಕಳಿಸುತ್ತಾರೆ. ಕಿಟಕಿ ಒಂದಾದರೂ ಅದರ ಹಿಂದಿನ ಮೇಜುಗಳು ಹಾಗೆಯೇ ಇವೆ ಎಂದು ಅನುಭವಿಗಳು ನಗುವುದುಂಟು.

ಕೊಟ್ಟ ಸ್ವಾತಂತ್ರ್ಯವನ್ನು ಸರ್ಕಾರ ಹಿಂದಕ್ಕೆ ಪಡೆಯುವ ಸಂದರ್ಭಗಳೂ ಬರುತ್ತವೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯಕ್ಕೆ ಬರ ಬಂದಾಗ, ಅಕ್ಟೋಬರಿನಲ್ಲಿ, ಸರ್ಕಾರವು ವಿದ್ಯುಚ್ಛಕ್ತಿ ಕಾಯಿದೆಯ 11ನೆಯ ಪ್ರಕರಣವನ್ನು ಪ್ರಯೋಗಿಸಿ, ರಾಜ್ಯದ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಹೊರಗೆ ಹೆಚ್ಚಿನ ಬೆಲೆ ಸಿಗಬಹುದಾಗಿದ್ದರೂ ಸಿಪ್ಪೆಯ ವಿದ್ಯುತ್ತು ಆಗ ರಾಜ್ಯದ ತಂತಿಗಳಲ್ಲಿಯೇ ಹರಿಯಬೇಕಾಯಿತು.

ಇಷ್ಟೆಲ್ಲ ವ್ಯವಹಾರದಲ್ಲಿ ಕಬ್ಬು ಬೆಳೆದವನ ಪಾಲು ಎಷ್ಟು? ಈ ಪ್ರಶ್ನೆಗೆ ಯಾವ ಅನುಮತಿ ಪತ್ರದಲ್ಲಿಯೂ ಉತ್ತರವಿಲ್ಲ. ರೈತನು ಮಾರುವುದು ಕಬ್ಬನ್ನು. ಅವನ ಕಬ್ಬಿನ ನ್ಯಾಯಬೆಲೆ ನಿಗದಿಯಾಗುವುದು ಅದರಿಂದ ಇಳಿಯುವ ಸಕ್ಕರೆಯ ಲೆಕ್ಕದಲ್ಲಿ. 2012ರಲ್ಲಿ ರಂಗರಾಜನ್ ಸಮಿತಿಯು ಸಕ್ಕರೆಯ ಜೊತೆಗೆ ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್‌ಗಳ ಮೌಲ್ಯವನ್ನೂ ಸೇರಿಸಿ ಒಟ್ಟು ಮೊತ್ತದ 70 ಭಾಗ ರೈತನಿಗೆ ಸಲ್ಲಬೇಕೆಂದು ಸಲಹೆ ಮಾಡಿತು. ಸಲಹೆಯಲ್ಲಿ ಹೇಳಿರುವುದು ಸಿಪ್ಪೆಯ ಬೆಲೆಯನ್ನು. ಅದರಿಂದ ಮಾಡಿದ ವಿದ್ಯುತ್ತಿನ ಬೆಲೆಯನ್ನಲ್ಲ. ವಿದ್ಯುತ್ ಘಟಕಕ್ಕೆ ಬಂಡವಾಳ ಹೂಡಿದವರು ತಾವೆಂದು ಕಾರ್ಖಾನೆಗಳು ಹೇಳುತ್ತವೆ. ಸಿಪ್ಪೆ ಬಂದದ್ದು ತಮ್ಮ ಹೊಲದಿಂದ ಎಂದು ರೈತರು ಹೇಳುತ್ತಾರೆ. 2025ರ ನವೆಂಬರಿನಲ್ಲಿ ರಾಯಬಾಗದ ನೆರೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಕಬ್ಬಿನ ಬೆಲೆಗಾಗಿ ಸಾವಿರಾರು ರೈತರು ರಸ್ತೆಗಿಳಿದಾಗ ಈ ಉಪಉತ್ಪನ್ನಗಳ ಲಾಭದ ಮಾತೂ ಕೇಳಿಬಂದಿತು.

ಸಿಪ್ಪೆಯ ವಿದ್ಯುತ್ತಿಗಿಂತ ಸರಳವಾದ ದಾರಿ ಮನೆಯ ಮಾಳಿಗೆಯ ಮೇಲಿದೆ. ಸೌರಫಲಕ ಹಾಕಿಸಿ, ಉಳಿದ ವಿದ್ಯುತ್ತನ್ನು ಹೆಸ್ಕಾಂಗೆ ಕೊಡುವ ಮನೆಗಳು ಹೆಚ್ಚುತ್ತಿವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಿದ್ದಿದ ನಿಯಮಗಳ ಪ್ರಕಾರ 10 ಕಿಲೋವಾಟ್‌ವರೆಗಿನ ಮಾಳಿಗೆಯ ಘಟಕಕ್ಕೆ ತಾಂತ್ರಿಕ ಪರಿಶೀಲನೆಯ ಅಗತ್ಯವಿಲ್ಲ. ಅರ್ಜಿ ಸರಿಯಾಗಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಭಾವಿಸಬೇಕು. ಬೂದಿಯಿಲ್ಲ, ಉಗಿಯಿಲ್ಲ, ನದಿಗೆ ಹರಿಯುವ ಕೊಳೆಯಿಲ್ಲ; ಆದುದರಿಂದ ಪ್ರಶ್ನೆಗಳೂ ಕಡಿಮೆ. ಆದರೂ ಒಂದು ಪ್ರಶ್ನೆಯನ್ನು ಮಾತ್ರ ಬಿಟ್ಟಿಲ್ಲ. ಹೊರಗಿನ ತಂತಿಯಲ್ಲಿ ವಿದ್ಯುತ್ತು ನಿಂತಾಗ ಮಾಳಿಗೆಯ ಯಂತ್ರವೂ ತಾನಾಗಿ ನಿಲ್ಲುತ್ತದೆಯೇ?

ಈ ಪ್ರಶ್ನೆಯ ಹಿಂದಿರುವವನು ಲೈನ್‌ಮನ್. ಹಿಂದೆ ತಂತಿಗೆ ವಿದ್ಯುತ್ತು ಒಂದೇ ದಿಕ್ಕಿನಿಂದ ಬರುತ್ತಿತ್ತು. ಉಪಕೇಂದ್ರದಲ್ಲಿ ಸ್ವಿಚ್ಚು ತೆಗೆದರೆ ತಂತಿ ಸತ್ತಂತೆಯೇ. ಈಗ ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಹೊಲದ ಸೌರಘಟಕ, ಮತ್ತೊಂದು ಕಡೆ ಮಾಳಿಗೆ. ಇವುಗಳಲ್ಲಿ ಯಾವುದಾದರೂ ಒಂದು ತಿಳಿಯದೆ ವಿದ್ಯುತ್ತನ್ನು ಹರಿಸಿದರೆ ಕಂಬದ ಮೇಲಿರುವವನ ಗತಿಯೇನು? ವಿದ್ಯುತ್ ಪರಿವೀಕ್ಷಕರು ಕಾರ್ಖಾನೆಯ ರಕ್ಷಣಾ ಸಾಧನಗಳನ್ನು ಪರೀಕ್ಷಿಸಿ ಒಪ್ಪುವವರೆಗೂ ಹೊಸ ಘಟಕವನ್ನು ತಂತಿಜಾಲಕ್ಕೆ ಜೋಡಿಸದಿರುವುದು ಅವನ ಸಲುವಾಗಿ.

ಅವನ ಕೈಯಲ್ಲಿಯೂ ಒಂದು ಅನುಮತಿಯಿರುತ್ತದೆ. ಅದಕ್ಕೆ ಲೈನ್ ಕ್ಲಿಯರ್ ಎಂದು ಹೆಸರು, ಅವರು ಎಲ್.ಸಿ. ಎನ್ನುತ್ತಾರೆ. ಮುಂಗಾರಿನ ಮೊದಲ ಗಾಳಿಗೆ ತಂತಿ ಹರಿದು ಬಿದ್ದಿದೆ. ಊರು ಕತ್ತಲಲ್ಲಿದೆ. ಜನ ಬೇಗ, ಬೇಗ ಎನ್ನುತ್ತಿದ್ದಾರೆ. ಅವನು ಕಂಬದ ಬುಡದಲ್ಲಿ ನಿಂತು ಉಪಕೇಂದ್ರಕ್ಕೆ ಫೋನು ಮಾಡುತ್ತಾನೆ. ಅಲ್ಲಿಯ ಆಪರೇಟರು ಸ್ವಿಚ್ಚು ತೆಗೆದು, ಪುಸ್ತಕದಲ್ಲಿ ತಂತಿಯ ಹೆಸರನ್ನೂ ಕೇಳಿದವನ ಹೆಸರನ್ನೂ ವೇಳೆಯನ್ನೂ ಬರೆದುಕೊಂಡು, ಎಲ್.ಸಿ. ಕೊಟ್ಟಿದೆ ಎಂದು ತಿಳಿಸುತ್ತಾನೆ. ಆ ಮೇಲೆ ವಿದ್ಯುತ್ತು ಇಲ್ಲವೆಂದು ಖಚಿತಪಡಿಸಿಕೊಂಡು, ತಂತಿಯನ್ನು ಭೂಮಿಗೆ ಜೋಡಿಸಿ ಅವನು ಕಂಬ ಹತ್ತುತ್ತಾನೆ. ದುರಸ್ತಿ ಮುಗಿದು, ಇಳಿದು, ಜೊತೆಯವರನ್ನೆಲ್ಲ ಎಣಿಸಿಕೊಂಡು ಅವನು ಎಲ್.ಸಿ.ಯನ್ನು ಹಿಂದಿರುಗಿಸುವವರೆಗೆ ಆ ಸ್ವಿಚ್ಚನ್ನು ಹಾಕುವ ಅಧಿಕಾರ ಯಾರಿಗೂ ಇಲ್ಲ. ಅವನು ಹಿಂದಿರುಗಿಸಿದ ವೇಳೆಯನ್ನು ಆಪರೇಟರು ಬರೆದುಕೊಳ್ಳುತ್ತಾನೆ, ಸ್ವಿಚ್ಚು ಹಾಕುತ್ತಾನೆ, ಊರಿನಲ್ಲಿ ದೀಪಗಳು ಹತ್ತುತ್ತವೆ.